ಪತ್ರಿಕೋದ್ಯಮದ ಜೊತೆಗೆ ಅಪರಾಧಶಾಸ್ತ್ರ: ಪದವಿಗೆ ಈ ಜೋಡಿ ಆರಿಸಿಕೊಳ್ಳಬಹುದೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಕಲಾ ವಿಭಾಗ ಮುಗಿಸಿದ್ದೇನೆ, ಊರು ತೀರ್ಥಹಳ್ಳಿಯ ಹತ್ತಿರ. ಬಿ.ಎ.ಗೆ ಪತ್ರಿಕೋದ್ಯಮ ಮತ್ತು ಅಪರಾಧಶಾಸ್ತ್ರ ಎರಡೂ ಒಟ್ಟಿಗೆ ಸಿಗುವ ಕಾಲೇಜು ಹುಡುಕುತ್ತಿದ್ದೇನೆ. ಮೂರನೆಯ ವಿಷಯ ಮನಶ್ಶಾಸ್ತ್ರವೋ ರಾಜ್ಯಶಾಸ್ತ್ರವೋ, ಇನ್ನೂ ತೀರ್ಮಾನಿಸಿಲ್ಲ. ಅಪ್ಪನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ಪೇಪರಿನವಳಾಗುವುದಾದರೆ ಆಗು, ಪೊಲೀಸ್ ಆಗುವುದಾದರೆ ಆಗು. ಎರಡನ್ನೂ ಕಲಸಿಕೊಂಡು ಏನು ಮಾಡುತ್ತೀಯ?" ಎನ್ನುತ್ತಾರೆ. ನನಗೆ ಪೊಲೀಸ್ ಆಗುವ ಆಸೆಯಿಲ್ಲ. ಠಾಣೆ, ನ್ಯಾಯಾಲಯ, ಜೈಲುಗಳ ಬಗ್ಗೆ ಬರೆಯುವ ಆಸೆ ಇದೆ. ಅಮೆರಿಕದಲ್ಲಿ ಇವೆರಡನ್ನೂ ಒಟ್ಟಿಗೆ ಓದುವವರಿದ್ದಾರೆ ಎಂದು ಸೋದರಮಾವ ಹೇಳಿದರು. ಇಲ್ಲಿ ಓದಿದವರು, ಈ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮೂರು ಪಟ್ಟಿ

ನಿವೃತ್ತ ಹೆಡ್ ಕಾನ್‌ಸ್ಟೆಬಲ್ ನಾನು. ನಿಮ್ಮ ತಂದೆ ಹೇಳಿದ್ದು ಸರಿ. ಕ್ರೈಂ ವರದಿಗಾರನಿಗೆ ಬೇಕಾದದ್ದು ಠಾಣೆಯ ಬರಹಗಾರನ ಪರಿಚಯ, ಒಂದು ಬೈಕು, ಸದಾ ಚಾರ್ಜ್ ಇರುವ ಮೊಬೈಲ್. ಪುಸ್ತಕ ಓದಿಕೊಂಡು ಬಂದವರನ್ನೂ ನೋಡಿದ್ದೇನೆ. ಸ್ಥಳದಲ್ಲೇ ಪಂಚರ ಮುಂದೆ ಬರೆಯುವ ಮಹಜರು ಎಂದರೇನು ಎಂದು ನಮ್ಮನ್ನೇ ಕೇಳುತ್ತಿದ್ದರು.

ಹಳೆಯ ಬೀಟ್ (ಹುಬ್ಬಳ್ಳಿ)

ಮೂರು ಪಟ್ಟಿಯವರೇ, ಠಾಣೆಯ ಬರಹಗಾರನ ಪರಿಚಯದಿಂದಲೇ ನಾನೂ ಬಹಳ ಕಾಲ ಹೊಟ್ಟೆ ಹೊರೆದವನು, ಅದರ ಬೆಲೆ ಗೊತ್ತಿದೆ. ಆದರೆ ಆ ಪರಿಚಯ ಕೊಡುವುದು ಪೊಲೀಸರ ಕಥೆಯನ್ನು ಮಾತ್ರ. ತಂಗಿ ಕೇಳುತ್ತಿರುವುದು ಅದರಾಚೆಗಿನದು.

ಪತ್ರಿಕೆಗಳಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಕಾನೂನು, ಜೀವ, ಮಾನ ಎಲ್ಲವೂ ಪಣಕ್ಕಿರುವ ಕ್ರೈಂ ಬೀಟಿಗೆ, ಅಂದರೆ ಅಪರಾಧ ಸುದ್ದಿಯ ಹೊಣೆಗೆ, ನಿನ್ನೆ ಮೊನ್ನೆ ಸೇರಿದ ಹುಡುಗರನ್ನು ಹಾಕುತ್ತಾರೆ. ಬೆಳಿಗ್ಗೆ ಕಮಿಷನರ್ ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಪ್ರಕಟಣೆ ಬರುತ್ತದೆ, ವಶಪಡಿಸಿಕೊಂಡ ಮಾಲಿನ ಮುಂದೆ ಸಾಲಾಗಿ ನಿಂತ ಅಧಿಕಾರಿಗಳ ಫೋಟೊ ಬರುತ್ತದೆ. "ಪೊಲೀಸರು ತಿಳಿಸಿದ್ದಾರೆ" ಎಂದು ಕೊನೆಯಲ್ಲಿ ಸೇರಿಸಿದರೆ ಸುದ್ದಿ ಸಿದ್ಧ. ಬಂಧನಕ್ಕೆ ನಾಲ್ಕು ಕಾಲಂ. ಮೂರು ತಿಂಗಳ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ ಎರಡು ಪ್ಯಾರಾ. ವರ್ಷಗಳ ನಂತರ ಆ ಮನುಷ್ಯ ಖುಲಾಸೆಯಾದರೆ ಒಂದು ಸಾಲೂ ಇಲ್ಲ, ಏಕೆಂದರೆ ಅಷ್ಟರಲ್ಲಿ ಆ ಹುಡುಗ ಸಿನಿಮಾ ಪುಟಕ್ಕೋ ರಾಜಕೀಯ ಬೀಟಿಗೋ ಹೋಗಿರುತ್ತಾನೆ. ಪ್ರಕರಣದ ಮೊದಲ ದಿನ ಬಿಟ್ಟು ಉಳಿದದ್ದೆಲ್ಲ ಓದುಗರಿಗೆ ಕಾಣದೇ ಹೋಗುತ್ತದೆ. ಅಪರಾಧಶಾಸ್ತ್ರದಿಂದ ನನಗೆ ಕಾಣುವ ಲಾಭ ಇದು: ಆ ಮೊದಲ ದಿನದ ನಂತರ ಏನೇನು ನಡೆಯುತ್ತದೆ, ಯಾವ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬ ನಕ್ಷೆ ತಲೆಯಲ್ಲಿ ಕೂರುತ್ತದೆ.

ಒಂದು ಎಫ್‌ಐಆರ್ ಉದಾಹರಣೆ ತೆಗೆದುಕೊಳ್ಳಿ. 2016ರಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ದಾಖಲಾದ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದಿತು. ಸಂಪರ್ಕ ಕಷ್ಟವಿರುವ ಕಡೆ ಸ್ವಲ್ಪ ಹೆಚ್ಚು ಸಮಯ ಕೊಟ್ಟಿತು. ಅಂದರೆ ಕಾಗದ ಕೈಗೆ ಸಿಗುತ್ತದೆ, ಓದುವವರೇ ಇಲ್ಲ. ವರದಿಗಾರ ನೇರವಾಗಿ ದೂರಿನ ಸಾರಾಂಶಕ್ಕೆ ಹಾರುತ್ತಾನೆ. ಅದಕ್ಕಿಂತ ಮೇಲಿನ ಚಿಕ್ಕ ಚಿಕ್ಕ ಕಾಲಂಗಳಲ್ಲೇ ಸುದ್ದಿ ಇರುತ್ತದೆ. ಕೃತ್ಯ ನಡೆದ ದಿನ ಮತ್ತು ವೇಳೆ ಒಂದು ಕಡೆ, ಠಾಣೆಗೆ ಮಾಹಿತಿ ಬಂದ ವೇಳೆ ಇನ್ನೊಂದು ಕಡೆ. ಎರಡರ ನಡುವೆ ಎಷ್ಟು ಅಂತರ? ಸ್ಥಳ ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ? ಅರ್ಧ ಕಿಲೋಮೀಟರ್ ದೂರದ ಘಟನೆಗೆ ಎರಡು ದಿನ ತಡವಾಗಿದ್ದರೆ "ವಿಳಂಬಕ್ಕೆ ಕಾರಣ" ಎಂಬ ಕಾಲಂನಲ್ಲಿ ಏನು ಬರೆದಿದ್ದಾರೆ? ಬರಹದಲ್ಲಿ ಕೊಟ್ಟ ದೂರೋ, ಬಾಯಿಮಾತಿನದೋ? ಎಲ್ಲಕ್ಕಿಂತ ಕೊನೆಗೆ, ಎಫ್‌ಐಆರ್ ನ್ಯಾಯಾಲಯಕ್ಕೆ ರವಾನೆಯಾದ ದಿನಾಂಕ ಮತ್ತು ಸಮಯ. ಆರೋಪಿಯ ಪರ ವಕೀಲರು ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಹಿಡಿಯುವುದು ಈ ಕೊನೆಯ ಕಾಲಂ ಅನ್ನೇ. ತಡವಾಗಿ ಹೋಗಿದ್ದರೆ ನಡುವೆ ಹೆಸರುಗಳನ್ನು ಸೇರಿಸಿದರೇ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ನನಗೆ ಯಾವ ಪತ್ರಿಕೋದ್ಯಮ ತರಗತಿಯಲ್ಲೂ ಹೇಳಿಕೊಡಲಿಲ್ಲ.

ಮೂರು ಪಟ್ಟಿ

ವಿಳಂಬಕ್ಕೆ ಕಾರಣ ಎಂಬಲ್ಲಿ ನಾವೇನು ಬರೆಯುತ್ತಿದ್ದೆವು ಎಂದು ನಿಮಗೂ ಗೊತ್ತು, ನನಗೂ ಗೊತ್ತು. "ಹಿರಿಯರೊಂದಿಗೆ ಚರ್ಚಿಸಿ ತಡವಾಗಿ ಬಂದು ದೂರು ನೀಡಿರುತ್ತಾರೆ." ಎಲ್ಲ ಎಫ್‌ಐಆರ್‌ಗೂ ಅದೇ ಸಾಲು.

ಹಳೆಯ ಬೀಟ್ (ಹುಬ್ಬಳ್ಳಿ)

ಎಲ್ಲದಕ್ಕೂ ಅದೇ ಸಾಲು ಎಂಬುದೇ ಸುದ್ದಿ, ಸ್ವಾಮಿ.

ಸಪ್ತಾಪುರದ ಮೇಷ್ಟ್ರು (ಧಾರವಾಡ)

ಅಪರಾಧಶಾಸ್ತ್ರ ಪಾಠ ಮಾಡುವವನಾಗಿ ಎರಡು ಮಾತು. ಮೊದಲು, ಈ ವಿಷಯದ ಬಗ್ಗೆ ಪತ್ತೇದಾರಿ ಕಲ್ಪನೆಯಿಂದ ಬರುವ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲೇ ಬೇಸರಪಡುತ್ತಾರೆ. ಬೆರಳಚ್ಚು, ರಕ್ತದ ಕಲೆ, ಗುಂಡಿನ ಗುರುತು ಇರುವುದು ಒಂದು ಭಾಗ ಮಾತ್ರ. ಉಳಿದದ್ದು ಅಪರಾಧ ಏಕೆ ಹುಟ್ಟುತ್ತದೆ ಎಂಬ ಸಿದ್ಧಾಂತಗಳು, ದಂಡಶಾಸ್ತ್ರ, ಸೆರೆಮನೆ ವ್ಯವಸ್ಥೆ, ಸಂತ್ರಸ್ತರ ಅಧ್ಯಯನ, ಬಾಲನ್ಯಾಯ, ಪೊಲೀಸ್ ಆಡಳಿತ, ದಂಡ ಸಂಹಿತೆ. ಬರೆಯುವವರಿಗೆ ಉಪಯುಕ್ತವಾದದ್ದು ಈ "ಬೇಸರದ" ಭಾಗವೇ.

ಎರಡನೆಯದು ಅಂಕಿಅಂಶ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿ ಹೊರಬಿದ್ದ ದಿನ ಎಲ್ಲ ಪತ್ರಿಕೆಗಳಲ್ಲೂ "ಇಂಥ ನಗರ ಅಪರಾಧದಲ್ಲಿ ನಂಬರ್ ಒನ್" ಎಂಬ ತಲೆಬರಹ. ಆ ವರದಿ ಎಣಿಸುವುದು ದಾಖಲಾದ ಪ್ರಕರಣಗಳನ್ನು, ನಡೆದ ಅಪರಾಧಗಳನ್ನಲ್ಲ. ದೂರು ಕೊಡಲು ಹೆಂಗಸರು ಹೆದರದ ಊರಿನಲ್ಲಿ ಸಂಖ್ಯೆ ಏರುತ್ತದೆ, ಠಾಣೆಯ ಬಾಗಿಲಿನಿಂದಲೇ ವಾಪಸ್ ಕಳಿಸುವ ಊರಿನಲ್ಲಿ ಇಳಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಿಯಮವಿದೆ: ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆಯಿರುವ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅತ್ಯಾಚಾರ ಮಾಡಿ ಕೊಂದಿದ್ದರೆ ಅದು ಕೊಲೆಯ ಪಟ್ಟಿಗೆ ಹೋಗುತ್ತದೆ. ವರದಿಯ ಆರಂಭದ ಪುಟಗಳಲ್ಲಿ ಬ್ಯೂರೊ ಈ ಮಿತಿಗಳನ್ನು ತಾನೇ ಹೇಳಿಕೊಳ್ಳುತ್ತದೆ. ಆ ಪುಟಗಳನ್ನು ತಿರುವಿ ನೋಡಿದ ವರದಿಗಾರರು ಬೆರಳೆಣಿಕೆಯಷ್ಟು.

ಇನ್ನು ಕಾಲೇಜು. ನಮ್ಮ ರಾಜ್ಯದಲ್ಲಿ ಪದವಿ ಮಟ್ಟದ ಪತ್ರಿಕೋದ್ಯಮ ಶುರುವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರಿಂದ. ಅಪರಾಧಶಾಸ್ತ್ರ ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಬೇರು ಬಿಟ್ಟಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವೇ ಇದೆ. ಆದರೆ ಎರಡೂ ವಿಷಯ ಒಂದು ಕಾಲೇಜಿನಲ್ಲಿ ಇದ್ದ ಮಾತ್ರಕ್ಕೆ ಎರಡನ್ನೂ ಒಟ್ಟಿಗೆ ಆರಿಸಿಕೊಳ್ಳಬಹುದು ಎಂದಲ್ಲ. ಎಷ್ಟೋ ಕಡೆ ಇವೆರಡು ಬೇರೆ ಬೇರೆ ಗುಂಪಿನಲ್ಲಿರುತ್ತವೆ. 2024-25ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಹಳೆಯ ಮಾಹಿತಿಪುಸ್ತಿಕೆ ನಂಬಬೇಡಿ. ಕಾಲೇಜಿಗೇ ಹೋಗಿ ಈ ವರ್ಷದ ವೇಳಾಪಟ್ಟಿ ಕೇಳಿ. ಅಪರಾಧಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ, ಅತಿಥಿ ಉಪನ್ಯಾಸಕರೇ ಎಲ್ಲವನ್ನೂ ನಡೆಸುತ್ತಿದ್ದಾರೆಯೇ ಎಂಬುದನ್ನೂ ಕೇಳಿ. ಅತಿಥಿ ಉಪನ್ಯಾಸಕರು ಚೆನ್ನಾಗಿ ಪಾಠ ಮಾಡುವುದಿಲ್ಲ ಎಂದಲ್ಲ. ನೇಮಕಾತಿ ತಡವಾಗಿ ಅರ್ಧ ಸೆಮಿಸ್ಟರ್ ಖಾಲಿ ಹೋಗುತ್ತದೆ.

ರಾತ್ರಿಪಾಳಿ

ನಾನು ಇದೇ ಜೋಡಿ ಓದಿದವಳು. ಈಗ ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ, ಬಂದ ಸುದ್ದಿ ತಿದ್ದುವ ಕೆಲಸದಲ್ಲಿದ್ದೇನೆ. ತುಂಗಾತೀರ, ವರದಿಗಾರಿಕೆಯಲ್ಲಿ ಮಾತ್ರವಲ್ಲ, ಡೆಸ್ಕ್‌ನಲ್ಲೂ ಇದು ಕೆಲಸಕ್ಕೆ ಬರುತ್ತದೆ.

ರಾತ್ರಿ ಹನ್ನೊಂದರ ಸುಮಾರಿಗೆ ತಾಲ್ಲೂಕಿನಿಂದ ಒಂದು ಪೋಕ್ಸೊ ಸುದ್ದಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಸುದ್ದಿ, ಬರುತ್ತದೆ ಎಂದುಕೊಳ್ಳಿ. ಬಾಲಕಿಯ ಹೆಸರು ಇರುವುದಿಲ್ಲ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಊರಿನ ಹೆಸರು ಇರುತ್ತದೆ, "ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ" ಎಂದಿರುತ್ತದೆ, ಆರೋಪಿ ಆಕೆಯ ಚಿಕ್ಕಪ್ಪ ಎಂದಿರುತ್ತದೆ, ಚಿಕ್ಕಪ್ಪನ ಪೂರ್ಣ ಹೆಸರೂ ಇರುತ್ತದೆ. ಇನ್ನೂರು ಮನೆಯ ಊರಿನಲ್ಲಿ ಅದು ಯಾರ ಮಗಳು ಎಂದು ತಿಳಿಯದವರು ಯಾರು? 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಯಾವುದೇ ವಿವರವನ್ನು ಪ್ರಕಟಿಸಬಾರದು ಎನ್ನುತ್ತದೆ. ಉಲ್ಲಂಘಿಸಿದರೆ ಕನಿಷ್ಠ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಪತ್ರಿಕೆಯ ಮಾಲೀಕರೂ ಹೊಣೆ. ಕಾನೂನಿಗೆ ಸಿಕ್ಕಿಬಿದ್ದ ಮಕ್ಕಳಿಗೂ ಇದೇ ರಕ್ಷಣೆ ಇದೆ, 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂನಲ್ಲಿ. ಇದನ್ನು ಬಾಯಿಪಾಠ ಮಾಡಿಸಿದ್ದು ಪತ್ರಿಕೋದ್ಯಮದ ಮೇಡಂ. ಹೀಗೆ ಗುರುತು ಸಿಕ್ಕ ಮಗುವಿನ ಮನೆಯವರು ಏಕೆ ಊರು ಬಿಡುತ್ತಾರೆ, ಸಾಕ್ಷಿ ಹೇಳುವ ಹೊತ್ತಿಗೆ ಏಕೆ ತಿರುಗಿ ಬೀಳುತ್ತಾರೆ ಎಂದು ತಿಳಿಸಿದ್ದು ಸಂತ್ರಸ್ತರ ಅಧ್ಯಯನದ ತರಗತಿ. ಮೊದಲನೆಯದರಿಂದ ಕಾನೂನಿನ ಭಯ ಹುಟ್ಟಿತು. ಎರಡನೆಯದನ್ನು ಓದಿದ ಮೇಲೆ, ನಿಯಮ ಇಲ್ಲದಿದ್ದರೂ ಆ ವಿವರಗಳನ್ನು ಹೊಡೆದುಹಾಕುತ್ತಿದ್ದೆ ಎನ್ನಿಸಿತು.

ಸೆಕ್ಷನ್‌ಗಳ ಗೊಂದಲ ಈಗ ಎರಡು ಪಟ್ಟು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, 511 ಕಲಂಗಳ ಜಾಗಕ್ಕೆ 358. ಕೊಲೆಯ 302 ಈಗ 103, ವಂಚನೆಯ 420 ಈಗ 318. ಆದರೆ ಆ ದಿನಕ್ಕಿಂತ ಹಿಂದೆ ನಡೆದ ಕೃತ್ಯಕ್ಕೆ ಐಪಿಸಿಯೇ ಅನ್ವಯ. ಹಾಗಾಗಿ ಇನ್ನೂ ಬಹಳ ವರ್ಷ ಎರಡೂ ಸಂಖ್ಯೆಗಳು ನ್ಯಾಯಾಲಯಗಳಲ್ಲಿ ಓಡಾಡುತ್ತವೆ. ಡೆಸ್ಕ್‌ನಲ್ಲಿ ಒಬ್ಬರಿಗಾದರೂ ಇದು ತಿಳಿದಿರಬೇಕು.

ಅಡಿಕೆ ತೋಟ

ನಾನೂ ಒಬ್ಬ ತಂದೆ. ಕಾನೂನು, ಕಲಂ ಎಲ್ಲ ಸರಿ. ಸಂಬಳದ ವಿಷಯ ಯಾರೂ ಎತ್ತುತ್ತಿಲ್ಲವಲ್ಲ?

ರಾತ್ರಿಪಾಳಿ

ಎತ್ತುವಂಥದ್ದೇನೂ ಇಲ್ಲ, ಅದಕ್ಕೇ. ಶುರುವಿನಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ ಕಳೆದರೆ ಊರಿಗೆ ಕಳಿಸಲು ಹೆಚ್ಚೇನೂ ಉಳಿಯುವುದಿಲ್ಲ. ಅಪರಾಧಶಾಸ್ತ್ರ ಓದಿದ್ದಕ್ಕೆ ಯಾವ ಪತ್ರಿಕೆಯೂ ಹೆಚ್ಚು ಕೊಡುವುದಿಲ್ಲ. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಪತ್ರಿಕೆಗೆ ಬರಲೂ ಇಲ್ಲ. ಕೆಲವರು ಪಿಎಸ್‌ಐ ಪರೀಕ್ಷೆಗೆ ಕುಳಿತರು, ಕೆಲವರು ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳಿಗೆ ಹೋದರು, ಒಬ್ಬಳು ಬ್ಯಾಂಕಿನ ವಂಚನೆ ತಡೆ ವಿಭಾಗದಲ್ಲಿದ್ದಾಳೆ, ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾಳೆ.

ಕರಿಕೋಟು (ಮಂಗಳೂರು)

ವಕೀಲೆಯಾಗಿ ನನ್ನದು ಬೇರೆ ಸಲಹೆ: ಪತ್ರಿಕೋದ್ಯಮದಲ್ಲಿ ಪದವಿ ಪಡೆದು ನಂತರ ಮೂರು ವರ್ಷದ ಎಲ್‌ಎಲ್‌ಬಿ ಮಾಡಿ. ನ್ಯಾಯಾಲಯದ ಸುದ್ದಿ ಜಾಲತಾಣಗಳಲ್ಲಿ ಕಾನೂನು ಪದವೀಧರರಿಗೇ ಬೇಡಿಕೆ. ಸುಪ್ರೀಂ ಕೋರ್ಟ್ ವರದಿಗಾರಿಕೆಯ ಮಾನ್ಯತೆಗೆ ಕಾನೂನು ಪದವಿ ಬೇಕು ಎಂಬ ಷರತ್ತನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಟ್ಟರು, ನಿಜ. ಆದರೂ ಪದವಿ ಇದ್ದವರಿಗೆ ಕೆಲಸ ಸುಲಭ.

ಕ್ರೈಂ ಸುದ್ದಿಯಲ್ಲಿ ನನ್ನನ್ನು ಕೆರಳಿಸುವ ಸಾಲುಗಳು ಎರಡು. "ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಎಂಬುದು ಒಂದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂನಲ್ಲಿ ಬ್ರಿಟಿಷರೇ ಹಾಗೆ ಬರೆದಿಟ್ಟರು, ಹೊಸ ಸಾಕ್ಷ್ಯ ಅಧಿನಿಯಮದ 23ರಲ್ಲೂ ಅದೇ ಉಳಿದಿದೆ. ತಮ್ಮದೇ ಪೊಲೀಸರ ಮೇಲೆ ಅವರಿಗೇ ಆ ನಂಬಿಕೆ ಇರಲಿಲ್ಲ, ನಮ್ಮ ಪತ್ರಿಕೆಗಳಿಗಿದೆ. ಇನ್ನೊಂದು "ಕೊಲೆ ಆರೋಪಿಗೆ ಜಾಮೀನು: ಕುಟುಂಬದ ಆಕ್ರೋಶ" ಎನ್ನುವ ತಲೆಬರಹ. ಒಳಗೆ ಓದಿದರೆ 90 ದಿನ ಕಳೆದರೂ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿಲ್ಲ, ಹಾಗಾಗಿ ಕಾನೂನಿನ ಪ್ರಕಾರ ಜಾಮೀನು ಸಿಗಲೇಬೇಕಿತ್ತು. ಆಕ್ರೋಶ ನ್ಯಾಯಾಧೀಶರ ಮೇಲೆ ತಿರುಗುತ್ತದೆ, ತಡ ಮಾಡಿದ ತನಿಖಾಧಿಕಾರಿಯ ಹೆಸರು ಸುದ್ದಿಯಲ್ಲೇ ಇಲ್ಲ.

ಔಷಧ ಕೊಟ್ಟು ಮಂಪರಿನಲ್ಲಿ ಬಾಯಿ ಬಿಡಿಸುವ ನಾರ್ಕೋ ಪರೀಕ್ಷೆಯ ಕಾಲ ನೆನಪಿದೆಯೇ? ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಆಗ ದೇಶಕ್ಕೆಲ್ಲ ಪ್ರಸಿದ್ಧ. ಅರೆಪ್ರಜ್ಞೆಯಲ್ಲಿ ತೊದಲುವವರ ವಿಡಿಯೊ ಟಿವಿಯಲ್ಲಿ ಪದೇ ಪದೇ ಬರುತ್ತಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಾರ್ಕೋ, ಸುಳ್ಳುಪತ್ತೆ, ಮಿದುಳು ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದಿತು. ಅಷ್ಟರಲ್ಲಿ ಎಷ್ಟೋ ಜನರ ಮೇಲೆ ಪರದೆಯಲ್ಲೇ ತೀರ್ಪು ಬಂದಾಗಿತ್ತು. 2008ರ ನೋಯ್ಡಾದ ಆರುಷಿ ಎಂಬ ಬಾಲಕಿಯ ಕೊಲೆ ಪ್ರಕರಣವನ್ನು ಆ ದಿನಗಳ ಪತ್ರಿಕೆಗಳಲ್ಲಿ ಓದಿ, ಆಮೇಲೆ ಆಕೆಯ ತಂದೆತಾಯಿಯನ್ನು ಖುಲಾಸೆ ಮಾಡಿದ 2017ರ ಅಕ್ಟೋಬರ್‌ನ ಅಲಹಾಬಾದ್ ಹೈಕೋರ್ಟ್ ತೀರ್ಪು ಓದಿ. ಎರಡೂ ಒಂದೇ ಪ್ರಕರಣದ್ದು ಎಂದು ನಂಬಲು ಕಷ್ಟವಾಗುತ್ತದೆ.

ಹಳೆಯ ಬೀಟ್ (ಹುಬ್ಬಳ್ಳಿ)

ವಕೀಲರೇ, ತಪ್ಪೊಪ್ಪಿಗೆಯ ಸಾಲಿನ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಇದೆ. ಎಲ್‌ಎಲ್‌ಬಿ ಸಲಹೆಗೆ ಮಾತ್ರ ತಕರಾರು. ಕಾನೂನು ಓದಿದವರು ನ್ಯಾಯಾಲಯದ ಒಳಗೆ ನಡೆಯುವುದನ್ನು ಚೆನ್ನಾಗಿ ಬರೆಯುತ್ತಾರೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಅರ್ಧಕ್ಕರ್ಧ ಕಥೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಅಸಹಜ ಸಾವು ಎಂದು ಯುಡಿಆರ್ ದಾಖಲಿಸಿ ಮುಚ್ಚಿದವು, ಸಾಕ್ಷ್ಯವಿಲ್ಲ ಎಂದು ಬಿ ರಿಪೋರ್ಟ್ ಹಾಕಿದವು, ಪತ್ತೆಯಾಗಲಿಲ್ಲ ಎಂದು ಸಿ ರಿಪೋರ್ಟ್ ಹಾಕಿದವು. ಹೊಲದಲ್ಲಿ ವಿಷ ಕುಡಿದಳು ಎನ್ನಲಾದ ಸೊಸೆಯ ಸಾವು ಯಾವ ಕಡತದಲ್ಲಿದೆ? ಬಿ ರಿಪೋರ್ಟ್ ಬಂದರೆ ದೂರುದಾರರಿಗೆ ನೋಟಿಸ್ ಹೋಗಬೇಕು, ಅವರು ಆಕ್ಷೇಪಣೆ ಸಲ್ಲಿಸಬಹುದು. ಹೋಯಿತೇ? ಇದನ್ನೆಲ್ಲ ಕೇಳಲು ಪೊಲೀಸ್ ವ್ಯವಸ್ಥೆ ಗೊತ್ತಿರಬೇಕು. ಎಲ್‌ಎಲ್‌ಬಿ ಬೇಡವೆನ್ನುತ್ತಿಲ್ಲ, ಅದು ಆಮೇಲೂ ಆಗುತ್ತದೆ.

ಮಿಷಿಗನ್ ದಂಡೆ

ಶಿಕಾಗೊದಲ್ಲಿರುವ ಕನ್ನಡಿಗ. ಸೋದರಮಾವ ಹೇಳಿದ್ದು ನಿಜ. ಇಲ್ಲಿ ಪದವಿಯಲ್ಲಿ ಎರಡು ಮೇಜರ್ (ಮುಖ್ಯ ವಿಷಯ) ತೆಗೆದುಕೊಳ್ಳಬಹುದು, ಅಥವಾ ಒಂದು ಮೇಜರ್, ಇನ್ನೊಂದು ಮೈನರ್ (ಉಪವಿಷಯ). "ಕ್ರಿಮಿನಲ್ ಜಸ್ಟಿಸ್" ಎಂದರೆ ಪೊಲೀಸ್, ನ್ಯಾಯಾಲಯ, ಸೆರೆಮನೆ ಮೂರನ್ನೂ ಒಂದು ವ್ಯವಸ್ಥೆಯಾಗಿ ಓದುವುದು. ನ್ಯೂಯಾರ್ಕಿನ ಜಾನ್ ಜೇ ಕಾಲೇಜಿನಲ್ಲಿ ಮಾಧ್ಯಮ ಮತ್ತು ಅಪರಾಧಕ್ಕೆ ಮೀಸಲಾದ ಕೇಂದ್ರವೇ ಇದೆ. 2014ರಲ್ಲಿ ಶುರುವಾದ ಮಾರ್ಷಲ್ ಪ್ರಾಜೆಕ್ಟ್ ಎಂಬ ಲಾಭರಹಿತ ಸುದ್ದಿಸಂಸ್ಥೆ ಬರೆಯುವುದೆಲ್ಲ ಈ ಒಂದು ವಿಷಯದ ಮೇಲೆಯೇ. ಅಂಥ ಕಡೆ ಈ ಜೋಡಿ ಓದಿದವರಿಗೆ ಬೆಲೆ.

ಆದರೆ ಇದೇ ಊರಿನ ಒಂದು ಕಥೆ ಹೇಳದೆ ಬಿಡಲಾರೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಡಿಲ್ ಪತ್ರಿಕೋದ್ಯಮ ಶಾಲೆಯಲ್ಲಿ ಡೇವಿಡ್ ಪ್ರೊಟೆಸ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಹಳೆಯ ಕೊಲೆ ಪ್ರಕರಣಗಳನ್ನು ಕೊಟ್ಟು ಮರುತನಿಖೆ ಮಾಡಿಸುತ್ತಿದ್ದರು. 1982ರ ಜೋಡಿಕೊಲೆಯಲ್ಲಿ ಮರಣದಂಡನೆ ಪಡೆದಿದ್ದ ಆ್ಯಂಟನಿ ಪೋರ್ಟರ್ 1998ರಲ್ಲಿ ಇನ್ನೆರಡು ದಿನದಲ್ಲಿ ಸಾಯಬೇಕಿತ್ತು, ನ್ಯಾಯಾಲಯದ ತಡೆ ಸಿಕ್ಕಿತು. ವಿದ್ಯಾರ್ಥಿಗಳು ಸ್ಥಳಕ್ಕೆ ಹೋಗಿ, ಸಾಕ್ಷಿಗಳನ್ನು ಮತ್ತೆ ಮಾತನಾಡಿಸಿದರು. ಅವರ ಜೊತೆಗಿದ್ದ ಖಾಸಗಿ ಪತ್ತೇದಾರನೊಬ್ಬ ಇನ್ನೊಬ್ಬನಿಂದ ವಿಡಿಯೊ ತಪ್ಪೊಪ್ಪಿಗೆ ಪಡೆದ. 1999ರಲ್ಲಿ ಪೋರ್ಟರ್ ಬಿಡುಗಡೆಯಾದ. ಇಡೀ ದೇಶ ಆ ತರಗತಿಯನ್ನು ಕೊಂಡಾಡಿತು. ಇಲಿನಾಯ್ ರಾಜ್ಯದ ಗವರ್ನರ್ 2003ರಲ್ಲಿ 160ಕ್ಕೂ ಹೆಚ್ಚು ಮರಣದಂಡನೆಗಳನ್ನು ಇಳಿಸಿದ್ದಕ್ಕೆ, ಕೊನೆಗೆ 2011ರಲ್ಲಿ ಮರಣದಂಡನೆಯೇ ರದ್ದಾದದ್ದಕ್ಕೆ ಈ ಪ್ರಕರಣವೂ ಒಂದು ಕಾರಣ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ತಪ್ಪೊಪ್ಪಿಕೊಂಡ ಆ ಎರಡನೆಯವ ಜೈಲಿಗೆ ಹೋಗಿದ್ದ. 2014ರಲ್ಲಿ, ಆ ತಪ್ಪೊಪ್ಪಿಗೆ ಪಡೆದ ರೀತಿಯೇ ಸರಿಯಿಲ್ಲ ಎಂದು ಪ್ರಾಸಿಕ್ಯೂಟರ್ ಅವನ ಶಿಕ್ಷೆಯನ್ನು ರದ್ದುಮಾಡಿಸಿ ಬಿಡುಗಡೆ ಮಾಡಿಸಿದರು. ಪ್ರೊಟೆಸ್ ಅಷ್ಟರಲ್ಲಿ ವಿಶ್ವವಿದ್ಯಾಲಯ ಬಿಟ್ಟಾಗಿತ್ತು. ಇನ್ನೊಂದು ಪ್ರಕರಣದಲ್ಲಿ ಸರ್ಕಾರಿ ವಕೀಲರು ವಿದ್ಯಾರ್ಥಿಗಳ ಟಿಪ್ಪಣಿ, ಇಮೇಲ್‌ಗಳನ್ನು ಕೇಳಿದರು. ಪತ್ರಕರ್ತರಿಗೆ ಮೂಲಗಳನ್ನು ಗೋಪ್ಯವಾಗಿಡುವ ಹಕ್ಕು ಇದೆ ಎಂದು ವಿಶ್ವವಿದ್ಯಾಲಯ ವಾದಿಸಿತು. ಈ ವಿದ್ಯಾರ್ಥಿಗಳು ಆರೋಪಿಯ ಪರ ತನಿಖೆ ಮಾಡುತ್ತಿದ್ದರು, ಪತ್ರಕರ್ತರಾಗಿ ಅಲ್ಲ ಎಂದು 2011ರಲ್ಲಿ ನ್ಯಾಯಾಧೀಶರು ಆ ರಕ್ಷಣೆಯನ್ನು ನಿರಾಕರಿಸಿದರು. ನೂರಾರು ಇಮೇಲ್‌ಗಳನ್ನು ಒಪ್ಪಿಸಬೇಕಾಯಿತು.

ಎರಡು ವಿಷಯ ಒಟ್ಟಿಗೆ ಓದುವ ಅಪಾಯ ಇದೇ ಎನ್ನುವುದು ನನ್ನ ಅನಿಸಿಕೆ. ತನಿಖೆ ಕಲಿತವರಿಗೆ ತನಿಖಾಧಿಕಾರಿಯಾಗುವ ಚಪಲ ಬರುತ್ತದೆ.

ಮೂರು ಪಟ್ಟಿ

ಇದನ್ನೇ ನಾನು ಮೊದಲು ಹೇಳಿದ್ದು.

ಸಪ್ತಾಪುರದ ಮೇಷ್ಟ್ರು (ಧಾರವಾಡ)

ನೀವು ಹೇಳಿದ್ದು ಓದೇ ಬೇಡ ಎಂದು. ಅವರು ಹೇಳುತ್ತಿರುವುದು ಓದಿ, ಆದರೆ ಗೆರೆ ದಾಟಬೇಡಿ ಎಂದು.

ಗೆರೆ ದಾಟದೆಯೇ ದೊಡ್ಡ ಕೆಲಸ ಮಾಡಿದವರು ನಮ್ಮಲ್ಲೇ ಇದ್ದಾರೆ. 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಲೇಖನಗಳು ಬಂದವು. ಬರೆದವರು ಪತ್ರಕರ್ತರಲ್ಲ, ಗಡಿ ಭದ್ರತಾ ಪಡೆಯ ಮೊದಲ ಮುಖ್ಯಸ್ಥರಾಗಿದ್ದ ಕೆ.ಎಫ್. ರುಸ್ತಮ್‌ಜಿ. ಮೂರು ಪಟ್ಟಿಯವರೇ, ನಿಮ್ಮವರೇ! ಆರೋಪ ಸಾಬೀತಾಗಿ ಗರಿಷ್ಠ ಶಿಕ್ಷೆಯಾಗಿದ್ದರೂ ಇಷ್ಟು ವರ್ಷ ಒಳಗಿರಬೇಕಾಗಿರಲಿಲ್ಲ, ಅಂಥವರು ಅಲ್ಲಿದ್ದರು. ಆ ಲೇಖನಗಳನ್ನು ಹಿಡಿದು ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಹುಸೇನಾರಾ ಖಾತೂನ್ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವುದು ಅದನ್ನೇ. ತ್ವರಿತ ವಿಚಾರಣೆ ಮೂಲಭೂತ ಹಕ್ಕಿನ ಭಾಗ ಎಂದು ಅಲ್ಲಿ ಸ್ಪಷ್ಟವಾಯಿತು.

ಶೀಲಾ ಬರ್ಸೆ ಎಂಬ ಪತ್ರಕರ್ತೆ ಮುಂಬಯಿ ಜೈಲಿನ 15 ಮಹಿಳಾ ಕೈದಿಗಳನ್ನು ಮಾತನಾಡಿಸಿದರು. ಅವರಲ್ಲಿ ಐವರು ಠಾಣೆಯ ಲಾಕಪ್‌ನಲ್ಲಿ ತಮ್ಮ ಮೇಲೆ ಹಲ್ಲೆಯಾಯಿತು ಎಂದರು. ಬರ್ಸೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಯಿತು. 1983ರ ತೀರ್ಪಿನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಲಾಕಪ್, ಮಹಿಳಾ ಪೊಲೀಸರ ಸಮ್ಮುಖದಲ್ಲೇ ವಿಚಾರಣೆ ಎಂಬ ನಿರ್ದೇಶನಗಳು ಬಂದವು. ತೀರಾ ಇತ್ತೀಚೆಗೆ, 2024ರ ಅಕ್ಟೋಬರ್ 3ರಂದು, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು, ಕೈದಿಗಳ ದಾಖಲೆಪುಸ್ತಕದಲ್ಲಿನ ಜಾತಿಯ ಕಾಲಂ ತೆಗೆಯಿರಿ ಎಂದಿತು. ಆ ಅರ್ಜಿ ಸಲ್ಲಿಸಿದ ಸುಕನ್ಯಾ ಶಾಂತಾ ಕೂಡ ಪತ್ರಕರ್ತೆಯೇ. 2020ರಲ್ಲಿ ಅವರು ರಾಜ್ಯಗಳ ಜೈಲು ಕೈಪಿಡಿಗಳನ್ನು ಕೂತು ಓದಿ ಬರೆದ ವರದಿ ಅದಕ್ಕೆ ಆಧಾರ. ಜೈಲು ಕೈಪಿಡಿಗಿಂತ ನೀರಸವಾದ ಪುಸ್ತಕ ಇನ್ನೊಂದಿಲ್ಲ. ಅದರೊಳಗೆ ಗುಡಿಸುವವರು ಯಾವ ಜಾತಿ, ಅಡುಗೆಯವರು ಯಾವ ಜಾತಿ ಎಂಬುದು ಅಚ್ಚಾಗಿ ಕೂತಿತ್ತು.

ಇವರಾರೂ ಕೊಲೆಗಾರನನ್ನು ಹಿಡಿಯಲು ಹೊರಟವರಲ್ಲ. ವ್ಯವಸ್ಥೆ ತನ್ನ ನಿಯಮದಂತೆ ನಡೆಯುತ್ತಿದೆಯೇ, ಆ ನಿಯಮವೇ ಸರಿಯಿದೆಯೇ ಎಂದು ನೋಡಿದವರು.

ಅಡಿಕೆ ತೋಟ

ರುಸ್ತಮ್‌ಜಿಯವರ ವಿಷಯ ಗೊತ್ತಿರಲಿಲ್ಲ. ಮಗಳಿಗೆ ಓದಿ ಹೇಳಿದೆ. ಅವಳು ಬಿ.ಕಾಂ. ಮಾಡುತ್ತಾಳಂತೆ, ಅದು ಬೇರೆ ಮಾತು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಮೇಷ್ಟ್ರು ಬರೆದದ್ದನ್ನೂ ರಾತ್ರಿಪಾಳಿ ಅಕ್ಕ ಬರೆದದ್ದನ್ನೂ ಓದಿ ಹೇಳಿದೆ. ಸಂಬಳದ ಭಾಗವನ್ನು ಓದಬಾರದಿತ್ತು, ಅಲ್ಲೇ ಸಿಕ್ಕಿಹಾಕಿಕೊಂಡೆ. "ಬ್ಯಾಂಕಿನ ವಂಚನೆ ತಡೆ ವಿಭಾಗ" ಎಂದಾಗ ಸ್ವಲ್ಪ ಮೆತ್ತಗಾದರು.

ಒಂದು ಸಂದೇಹ. ಕಾಲೇಜು ಶುರುವಾಗಲು ಇನ್ನೂ ಸಮಯ ಇದೆ. ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಹಿಂಬಾಲಿಸಿ ನೋಡಬೇಕೆಂದಿದ್ದೇನೆ. ದೋಷಾರೋಪ ಪಟ್ಟಿಯೂ ಎಫ್‌ಐಆರ್ ಹಾಗೆ ಜಾಲತಾಣದಲ್ಲಿ ಸಿಗುತ್ತದೆಯೇ? ವಿದ್ಯಾರ್ಥಿಯಾದ ನಾನು ಸುಮ್ಮನೆ ನ್ಯಾಯಾಲಯದೊಳಗೆ ಹೋಗಿ ಕೂರಬಹುದೇ?

ರಾತ್ರಿಪಾಳಿ

ನಮ್ಮ ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತದೆ, ಮನೆಯಿಂದಲೇ ವಾದ ಕೇಳಬಹುದು. ತುಣುಕು ಕತ್ತರಿಸಿ ಯಾರಿಗೂ ಹಂಚಬೇಡಿ, ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಆದರೆ ಸಾಕ್ಷಿ ವಿಚಾರಣೆ ನೋಡಬೇಕಾದರೆ ಕೆಳಗಿನ ನ್ಯಾಯಾಲಯಕ್ಕೇ ಹೋಗಬೇಕು.

ಕರಿಕೋಟು (ಮಂಗಳೂರು)

ದೋಷಾರೋಪ ಪಟ್ಟಿ ಜಾಲತಾಣದಲ್ಲಿ ಸಿಗುವುದಿಲ್ಲ. ಅದನ್ನೂ ಹಾಕಬೇಕು ಎಂದು ಸೌರವ್ ದಾಸ್ ಎಂಬ ಪತ್ರಕರ್ತರು ಸಲ್ಲಿಸಿದ್ದ ಅರ್ಜಿಯನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆರೋಪಿಗೆ ಉಚಿತ ಪ್ರತಿ ಸಿಗುತ್ತದೆ, ಹಾಗಾಗಿ ಪತ್ರಕರ್ತರಿಗೆ ಸಾಮಾನ್ಯವಾಗಿ ದೊರೆಯುವುದು ವಕೀಲರ ಮೂಲಕ. ನೀವು ಈಗ ಶುರುಮಾಡುವುದಾದರೆ ಮುಗಿದ ಪ್ರಕರಣವನ್ನೇ ಆರಿಸಿಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಜಿಲ್ಲೆ ಆರಿಸಿ, ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಕೊಟ್ಟರೆ ಪ್ರಕರಣ ತೆರೆದುಕೊಳ್ಳುತ್ತದೆ. ಪ್ರತಿ ಪ್ರಕರಣಕ್ಕೂ 16 ಅಕ್ಷರಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಯಾವ ದಿನಾಂಕದಲ್ಲಿ ಏಕೆ ಮುಂದೂಡಿದರು ಎಂಬ ಸಾಲುಗಳನ್ನು ಓದಿ: ಸಾಕ್ಷಿ ಗೈರು, ಸಮನ್ಸ್ ಜಾರಿಯಾಗಿಲ್ಲ, ನ್ಯಾಯಾಧೀಶರು ರಜೆ. ತೀರ್ಪು ಬಂದಿದ್ದರೆ ಬಹಳಷ್ಟು ಸಲ ಅಲ್ಲೇ ಸಿಗುತ್ತದೆ.

ನ್ಯಾಯಾಲಯದೊಳಗೆ ಹೋಗಿ ಕೂರಬಹುದು. ಕ್ರಿಮಿನಲ್ ವಿಚಾರಣೆ ಬಾಗಿಲು ತೆರೆದೇ ನಡೆಯಬೇಕು ಎಂಬುದು ಕಾನೂನು. ಅತ್ಯಾಚಾರ, ಪೋಕ್ಸೊ ಪ್ರಕರಣಗಳು ಮಾತ್ರ ಗೋಪ್ಯ ವಿಚಾರಣೆ, ಅಲ್ಲಿಂದ ಹೊರಗೆ ಕಳಿಸುತ್ತಾರೆ, ಬೇಸರಪಡಬೇಡಿ. ಸೆಷನ್ಸ್ ನ್ಯಾಯಾಲಯದ ಬಾಗಿಲ ಪಕ್ಕದಲ್ಲಿ ಆ ದಿನದ ಪ್ರಕರಣಗಳ ಪಟ್ಟಿ ಅಂಟಿಸಿರುತ್ತಾರೆ, ಸಾಕ್ಷ್ಯದ ಹಂತದಲ್ಲಿರುವುದು ಯಾವುದು ನೋಡಿ. ಮೊಬೈಲ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತು, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಯಾರಾದರೂ ಕೇಳಿದರೆ ವಿದ್ಯಾರ್ಥಿನಿ ಎನ್ನಿ. ಬೆಳಗಿನ ಹೊತ್ತು ದಿನಾಂಕ ಕೊಡುವುದರಲ್ಲೇ ಹೋಗುತ್ತದೆ, ಪಾಟೀಸವಾಲು ಕೇಳಬೇಕೆಂದರೆ ಊಟ ಮುಗಿಸಿಕೊಂಡು ಮಧ್ಯಾಹ್ನ ಬನ್ನಿ.